ಐದನೇ ಜ್ವರ

ರೇಷ್ಮೆ ಹುಳುವಿಗೆ ನಾಲ್ಕು ಜ್ವರ. ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣದ ಯಾವ ಹುಳುಮನೆಯಲ್ಲಿ ಕೇಳಿದರೂ ಬೆರಳು ಮಡಿಸಿ ಎಣಿಸುತ್ತಾರೆ. ಪೊರೆ ಕಳಚುವ ಹೊತ್ತಿಗೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುತ್ತದೆ. ಅದನ್ನೇ ಜ್ವರಕ್ಕೆ ಕೂತಿದೆ ಎನ್ನುವುದು. ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ಆಗ ಮುಟ್ಟುವಂತಿಲ್ಲ, ಸೊಪ್ಪು ಹಾಕುವಂತಿಲ್ಲ, ಒಳಗೆ ತೇವ ಕಟ್ಟುವಂತಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಗಲಿರುಳು ಮೇಯುತ್ತದೆ, ವಾರದಲ್ಲಿ ಹಣ್ಣಾಗುತ್ತದೆ, ಗೂಡು ಕಟ್ಟಲು ಚಂದ್ರಿಕೆ ಹತ್ತುತ್ತದೆ. ಈ ಲೆಕ್ಕ ತಪ್ಪುವುದಿಲ್ಲ ಎಂಬ ನಂಬಿಕೆಯ ಮೇಲೆ ಕೈಸಾಲ, ಮಗಳ ಮದುವೆ, ಮಗನ ಕಾಲೇಜು ಫೀಸು ಎಲ್ಲವೂ ನಿಂತಿವೆ.

ನಾನು ಹೇಳಹೊರಟಿರುವ ಜ್ವರ ಈ ಎಣಿಕೆಯಲ್ಲಿಲ್ಲ. ಅದು ಹುಳುವಿಗೆ ಬರುವುದಲ್ಲ, ಕಡಲಿಗೆ ಬರುವುದು. ನಮ್ಮ ಸೀಮೆಗೆ ಕಡಲೆಲ್ಲಿದೆ ಎಂದು ಕೇಳಬಹುದು. ರಾಮನಗರದಿಂದ ನೇರ ಗೆರೆ ಎಳೆದರೆ ಮಂಗಳೂರಿನ ದಡ ಸುಮಾರು 260 ಕಿಲೋಮೀಟರ್, ಚೆನ್ನೈನ ದಡ ಸುಮಾರು 325 ಕಿಲೋಮೀಟರ್. ನಡುವೆ ಘಟ್ಟ, ಬೆಟ್ಟ, ಬಯಲು. ಆದರೆ ಅರ್ಕಾವತಿಯಲ್ಲಿ ಹರಿಯುವ, ಕಣ್ವ ಜಲಾಶಯದಲ್ಲಿ ನಿಲ್ಲುವ, ಮಂಚನಬೆಲೆಯಲ್ಲಿ ಕಟ್ಟಿಹಾಕಿದ ನೀರಿನ ಬಹುಪಾಲು ಈ ಎರಡು ಕಡಲುಗಳಿಂದ ಆವಿಯಾಗಿ ಎದ್ದು ಬಂದದ್ದು. ಮುಂಗಾರು ಪಡುವಣ ಕಡಲಿನದು, ಹಿಂಗಾರು ಮೂಡಣ ಕಡಲಿನದು. ಘಟ್ಟದ ಮರೆಯಲ್ಲಿರುವ ನಮಗೆ ಜೂನ್, ಜುಲೈ ಬರಿಯ ಸೋನೆ; ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಎರಡು ಕಡಲುಗಳ ನಡುವೆ ಕೈಬದಲಾಗುವ ಹೊತ್ತಿನಲ್ಲೇ ನಮ್ಮ ರಾಗಿ ಹೊಡೆ ಬಿಚ್ಚುತ್ತದೆ. ಕಡಲಿಲ್ಲದ ಜಿಲ್ಲೆ ಎಂದು ನಾವು ನಮ್ಮನ್ನು ಕರೆದುಕೊಳ್ಳುವುದು ನಕ್ಷೆಯ ಮಾತು. ಮಳೆಯ ಲೆಕ್ಕದಲ್ಲಿ ನಮ್ಮದು ಎರಡು ಕಡಲಿನ ಜಿಲ್ಲೆ.

ಕಡಲಿಗೆ ಬರುವ ಈ ಜ್ವರಕ್ಕೆ ವಿಜ್ಞಾನಿಗಳು ಸಾಗರ ಶಾಖದ ಅಲೆ ಎಂದು ಹೆಸರಿಟ್ಟಿದ್ದಾರೆ. ಅಲೆ ಎಂದೊಡನೆ ದಡಕ್ಕೆ ಬಂದು ಬಡಿಯುವ ಅಲೆ ನೆನಪಾಗುತ್ತದೆ. ಇದು ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ಕಡಲ ಜ್ವರ ಎಂದೇ ಕರೆಯುತ್ತೇನೆ. ಅಳತೆ ಮಾತ್ರ ಕಟ್ಟುನಿಟ್ಟಾಗಿದೆ, 2016ರಲ್ಲಿ ಒಪ್ಪಿತವಾದದ್ದು. ಕಡಲಿನ ಒಂದು ಜಾಗದಲ್ಲಿ, ವರ್ಷದ ಇದೇ ದಿನಗಳಲ್ಲಿ, ಮೂವತ್ತು ವರ್ಷಗಳ ಕಾಲ ಅಳೆದ ಮೇಲ್ಮೈ ತಾಪಮಾನಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಬೇಕು. ಇವತ್ತಿನ ಬಿಸಿ ಅವುಗಳಲ್ಲಿ ನೂರಕ್ಕೆ ತೊಂಬತ್ತನ್ನು ಮೀರಿಸಬೇಕು. ಅದೂ ಒಂದು ದಿನವಲ್ಲ, ಸತತ ಐದು ದಿನ. ಹಾಗಾದರೆ ಕಡಲಿಗೆ ಜ್ವರ ಬಂದಿದೆ ಎಂದರ್ಥ. ಗಾಳಿ ಬಿದ್ದುಹೋಗಿ, ಮೋಡವಿಲ್ಲದೆ, ಬಿಸಿಲು ನೇರವಾಗಿ ನೀರಿನ ಮೇಲೆ ಸುರಿದಾಗ ಇದು ಶುರುವಾಗುತ್ತದೆ. ಗಾಳಿಯಿದ್ದರೆ ಕಡಲು ತನ್ನನ್ನು ತಾನೇ ಕಲಕಿಕೊಳ್ಳುತ್ತದೆ, ಕೆಳಗಿನ ತಂಪು ಮೇಲೆ ಬರುತ್ತದೆ. ಗಾಳಿಯಿಲ್ಲದಿದ್ದರೆ ಬಿಸಿ ನೀರು ಮೇಲೆ ಕೆನೆಗಟ್ಟಿದಂತೆ ನಿಂತುಬಿಡುತ್ತದೆ, ತಂಪು ನೀರು ಅಡಿಯಲ್ಲೇ ಉಳಿಯುತ್ತದೆ.

ಇದು ಮೊದಲೂ ಇತ್ತು. ಆದರೆ ಆಗ ಜ್ವರ ಬಂದು ಬಿಡುತ್ತಿತ್ತು. ಈಗ ಜ್ವರ ಏರುವ ಮುನ್ನವೇ ಮೈ ಬಿಸಿಯಾಗಿರುತ್ತದೆ. ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ನ ಹೊಗೆ ಭೂಮಿಯಲ್ಲಿ ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಕಡಲೇ ನುಂಗಿಕೊಂಡಿದೆ. ಜಗತ್ತಿನ ಸಾಗರಗಳಲ್ಲಿ 1980ರ ದಶಕದಿಂದೀಚೆಗೆ ಇಂಥ ಜ್ವರಗಳ ಸಂಖ್ಯೆ ಸುಮಾರು ಎರಡು ಪಟ್ಟಾಗಿದೆ.

ನಮ್ಮ ಕಡಲುಗಳ ಲೆಕ್ಕವನ್ನು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಸಂಗಡಿಗರು ಮಾಡಿದ್ದಾರೆ. 2022ರಲ್ಲಿ ಪ್ರಕಟವಾದ ಅವರ ಅಧ್ಯಯನ 1982ರಿಂದ 2018ರವರೆಗಿನ ದಾಖಲೆಯನ್ನು ಜಾಲಾಡಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ 66 ಜ್ವರಗಳು, ಬಂಗಾಳಕೊಲ್ಲಿಯಲ್ಲಿ 94. ಪಶ್ಚಿಮದಲ್ಲಿ ಇವು ಪ್ರತಿ ದಶಕಕ್ಕೆ ಒಂದೂವರೆಯಂತೆ ಹೆಚ್ಚುತ್ತಿವೆ, ಬಂಗಾಳಕೊಲ್ಲಿಯ ಉತ್ತರದಲ್ಲಿ ದಶಕಕ್ಕೆ ಅರ್ಧದಂತೆ. 2020ರ ಮೇ ತಿಂಗಳ ಒಂದು ಜ್ವರದ ನಂತರ ತಮಿಳುನಾಡಿನ ದಡದ ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ನೋಡಿದಾಗ ಹವಳದಲ್ಲಿ ನೂರಕ್ಕೆ 85 ಪಾಲು ಬಿಳಿಚಿಕೊಂಡಿತ್ತು. ಲಕ್ಷದ್ವೀಪದ ಸುತ್ತ 2023ರ ಅಕ್ಟೋಬರ್ ಕೊನೆಯಲ್ಲಿ ಏರಿದ ಜ್ವರ ಮರುವರ್ಷದ ಬೇಸಗೆಯವರೆಗೂ ಇಳಿಯಲಿಲ್ಲ. ಅಲ್ಲೂ ಹವಳ ಬಿಳಿಚಿತು. ಬದುಕಿರುವ ಹವಳ ಬಣ್ಣ ಕಳೆದುಕೊಳ್ಳುವುದೆಂದರೆ ತನ್ನೊಳಗೆ ಅನ್ನ ಬೇಯಿಸುವ ಪಾಚಿಯನ್ನು ಹೊರಹಾಕಿ ಉಪವಾಸ ಬೀಳುವುದು. ಮಂಗಳೂರು, ಮಲ್ಪೆಯ ಭೂತಾಯಿ, ಬಂಗುಡೆ ಮೀನುಗಳ ಬುತ್ತಿಯೂ ಹೀಗೇ ಕಡಿಮೆಯಾಗುತ್ತದೆ. ಆಳದ ತಂಪು ನೀರು ಮೇಲೆ ಬಾರದಿದ್ದರೆ ಅದರ ಜೊತೆ ಬರುವ ಪೋಷಕಾಂಶವೂ ಬರುವುದಿಲ್ಲ. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಆ ಬುತ್ತಿಯ ಬುಡವಾದ ಸಸ್ಯಪ್ಲವಕಗಳು ಶೇಕಡ 20ರವರೆಗೂ ಕುಗ್ಗಿವೆ ಎಂದು 2016ರಲ್ಲೇ ಗೊತ್ತಾಗಿತ್ತು. ಕರಾವಳಿಯ ಈ ಸಂಕಟ ದೊಡ್ಡದು. ಅಲ್ಲಿನವರು ನನಗಿಂತ ಚೆನ್ನಾಗಿ ಬರೆದಿದ್ದಾರೆ, ಬರೆಯುತ್ತಾರೆ.

ನನ್ನನ್ನು ತಡೆದು ನಿಲ್ಲಿಸಿದ್ದು ಅದೇ ಅಧ್ಯಯನದ ಇನ್ನೊಂದು ಮಾತು. ಪಶ್ಚಿಮದ ಕಡಲು ಮತ್ತು ಬಂಗಾಳಕೊಲ್ಲಿಯಲ್ಲಿ ಜ್ವರವಿದ್ದಾಗ ಮಧ್ಯಭಾರತದಲ್ಲಿ ಮುಂಗಾರು ಒಣಗುತ್ತದೆ. ಬಂಗಾಳಕೊಲ್ಲಿಯ ಉತ್ತರದಲ್ಲಿ ಜ್ವರವಿದ್ದಾಗ ದಕ್ಷಿಣದ ಪರ್ಯಾಯ ದ್ವೀಪದಲ್ಲಿ, ಎಂದರೆ ನಮ್ಮಲ್ಲಿ, ಮಳೆ ಹೆಚ್ಚುತ್ತದೆ. ಕಾರಣ ಕಷ್ಟದ್ದಲ್ಲ. ಬಿಸಿ ಕಡಲಿನ ಮೇಲೆ ಗಾಳಿ ಮೇಲೇರಿ ಅಲ್ಲೇ ಮೋಡವಾಗಿ ಅಲ್ಲೇ ಸುರಿಯುತ್ತದೆ. ಮೇಲೇರಿದ ಗಾಳಿ ಎಲ್ಲೋ ಇಳಿಯಲೇಬೇಕು. ಇಳಿಯುವ ಕಡೆ ಮೋಡ ಕಟ್ಟುವುದಿಲ್ಲ. ಅದಲ್ಲದೆ ಮುಂಗಾರನ್ನು ಎಳೆದು ತರುವುದೇ ಕಾದ ನೆಲ ಮತ್ತು ತಂಪು ಕಡಲಿನ ನಡುವಿನ ಅಂತರ. ಕಡಲೇ ಕಾದರೆ ಎಳೆಯುವ ಹಗ್ಗ ಸಡಿಲವಾಗುತ್ತದೆ. ಇನ್ನೊಂದು ಕಡೆ, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡ 7ರಷ್ಟು ಹೆಚ್ಚು ತೇವ ಹೊರಬಲ್ಲದು. ಆದ್ದರಿಂದ ಬರುವ ಮಳೆ ಬಂದಾಗ ಹೊಡೆತ ಜೋರು. ಮಳೆ ಕಡಿಮೆಯಾಗುತ್ತದೋ ಹೆಚ್ಚಾಗುತ್ತದೋ ಎಂದು ಒಂದೇ ಮಾತಿನ ಉತ್ತರ ಕೇಳುವವರಿಗೆ ಇದರಿಂದ ಸಮಾಧಾನವಾಗುವುದಿಲ್ಲ. ಎರಡೂ ಆಗುತ್ತದೆ. ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ ಆಗಬಹುದು.

ಬೆನ್ನುಬೆನ್ನಿಗೆ ಎರಡನ್ನೂ ನಾವು ಕಂಡಿದ್ದೇವೆ. 2021ರ ನವೆಂಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳು ಒಂದರ ಬೆನ್ನಿಗೊಂದು ಬಂದವು. ಜಡಿಮಳೆ ಬಿಡಲಿಲ್ಲ. ದಕ್ಷಿಣ ಒಳನಾಡಿನುದ್ದಕ್ಕೂ ಕೊಯ್ಲಿಗೆ ಬಂದಿದ್ದ ರಾಗಿ ನೆಲಕ್ಕೊರಗಿ, ತೆನೆಯಲ್ಲೇ ಮೊಳಕೆಯೊಡೆಯಿತು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ ಮುಳುಗಿತು. ಕೆರೆಗಳು ತುಂಬಿ ಉಕ್ಕಿದವು, ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ಬಸ್ಸು, ಕಾರುಗಳು ಅರ್ಧ ಮುಳುಗಿ ನಿಂತ ಚಿತ್ರವನ್ನು ನಾಡೇ ನೋಡಿತು. ಮರುವರ್ಷ ಏನಾಯಿತು? 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚಿನ ಅತಿ ಒಣ ಆಗಸ್ಟ್. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಆ ಪಟ್ಟಿ ಬೆಳೆದು 236 ತಾಲ್ಲೂಕುಗಳಲ್ಲಿ 223ಕ್ಕೆ ಮುಟ್ಟಿತು. ಅದರ ಬೆನ್ನಿಗೆ 2024ರ ಬೇಸಗೆ: ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ.

ಒಂದು ನೆರೆಗೆ, ಒಂದು ಬರಕ್ಕೆ ಕಡಲ ಜ್ವರವೊಂದೇ ಕಾರಣ ಎನ್ನುವುದು ವಿಜ್ಞಾನವಲ್ಲ. 2022ರಲ್ಲಿ ಪೆಸಿಫಿಕ್‌ನಲ್ಲಿ ಲಾ ನಿನಾ ಇತ್ತು, ಹಿಂದೂ ಮಹಾಸಾಗರದ ಪೂರ್ವ ಮಗ್ಗುಲು ಬೆಚ್ಚಗಿತ್ತು. 2023ರಲ್ಲಿ ಎಲ್ ನಿನೊ ಎದ್ದಿತು, ಹಿಂದೂ ಮಹಾಸಾಗರದ ಬಿಸಿ ಪಶ್ಚಿಮ ಮಗ್ಗುಲಿಗೆ ಹೊರಳಿತು. ನೀರು ನುಗ್ಗಿದ್ದಕ್ಕೆ ಮುಚ್ಚಿಹೋದ ರಾಜಕಾಲುವೆಗಳ ಪಾಲೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಗಮನಿಸಿ: ಎರಡೂ ವರ್ಷಗಳ ಹಣೆಬರಹ ಬರೆಯುವಲ್ಲಿ ಬಿಸಿ ನೀರು ಕಡಲಿನ ಯಾವ ಮಗ್ಗುಲಲ್ಲಿ ಮಲಗಿತ್ತು ಎಂಬ ಸಂಗತಿಗೂ ಪಾಲಿತ್ತು. ಆ ಕಡಲು ಈಗ ಪೂರ್ತಿಯಾಗಿ ಬಿಸಿಯಾಗುತ್ತಿದೆ.

2024ರಲ್ಲಿ ಕೋಲ್ ಮತ್ತವರ ಸಂಗಡಿಗರು ಮುಂದಿನ ಲೆಕ್ಕವನ್ನೂ ಕೊಟ್ಟರು. 1950ರಿಂದ 2020ರವರೆಗೆ ಉಷ್ಣವಲಯದ ಹಿಂದೂ ಮಹಾಸಾಗರ ಶತಮಾನಕ್ಕೆ 1.2 ಡಿಗ್ರಿಯ ವೇಗದಲ್ಲಿ ಕಾದಿದೆ. 2020ರಿಂದ 2100ರವರೆಗೆ ಆ ವೇಗ ಶತಮಾನಕ್ಕೆ 1.7ರಿಂದ 3.8 ಡಿಗ್ರಿ ಆಗಬಹುದು; ನಾವು ಎಷ್ಟು ಹೊಗೆ ಉಗುಳುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. 1970ರಿಂದ 2000ದವರೆಗೆ ಈ ಕಡಲಿಗೆ ವರ್ಷದಲ್ಲಿ ಸುಮಾರು 20 ದಿನ ಜ್ವರವಿರುತ್ತಿತ್ತು. ಶತಮಾನದ ಕೊನೆಗೆ 220ರಿಂದ 250 ದಿನ.

ಈ ಸಂಖ್ಯೆಯನ್ನು ನಾನು ಮೊದಲು ಓದಿದಾಗ ತಪ್ಪಾಗಿ ಓದಿದೆನೇನೋ ಎಂದು ಮತ್ತೆ ನೋಡಿದೆ. ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ದಿನ ಜ್ವರ. ಹಳೆಯ ಅಳತೆಗೋಲಿನಲ್ಲಿ ಅಳೆದರೆ ಆ ಕಡಲು ಜ್ವರ ಬಿಟ್ಟು ಎದ್ದಿರುವ ದಿನಗಳೇ ಕಡಿಮೆ. ಅದೇ ಅಧ್ಯಯನದಲ್ಲಿ ಇನ್ನೂ ಒಂದು ಹೋಲಿಕೆಯಿದೆ. 1980ರಿಂದ 2020ರವರೆಗೆ ಇಡೀ ಕಡಲಿನ ಸರಾಸರಿ ತಾಪಮಾನ ವರ್ಷವಿಡೀ 26ರಿಂದ 28 ಡಿಗ್ರಿಯ ನಡುವೆ ಇತ್ತು. ಹೊಗೆ ಹೀಗೇ ಏರುತ್ತ ಹೋದರೆ ಶತಮಾನದ ಕೊನೆಗೆ ಅದು ವರ್ಷವಿಡೀ 28.5ರಿಂದ 30.7 ಡಿಗ್ರಿ. ನಾಳೆಯ ಕಡಲಿನ ಅತಿ ತಂಪಾದ ದಿನ ನಿನ್ನೆಯ ಕಡಲಿನ ಅತಿ ಬಿಸಿ ದಿನಕ್ಕಿಂತ ಬಿಸಿ. 28 ಡಿಗ್ರಿ ಎಂಬುದು ಸುಮ್ಮನೆ ಎತ್ತಿಕೊಂಡ ಸಂಖ್ಯೆಯಲ್ಲ. ದೊಡ್ಡ ಮೋಡಗಳು ಗೋಪುರ ಕಟ್ಟುವುದು, ಚಂಡಮಾರುತ ಹುಟ್ಟುವುದು ಸಾಮಾನ್ಯವಾಗಿ ಆ ಗೆರೆಯ ಮೇಲೆ. ಅರಬ್ಬಿ ಕಡಲಿನಲ್ಲಿ 2001ರಿಂದ 2019ರವರೆಗಿನ ಅವಧಿಯಲ್ಲಿ ಚಂಡಮಾರುತಗಳು ಅದರ ಹಿಂದಿನ ಎರಡು ದಶಕಗಳಿಗಿಂತ ಶೇಕಡ 52ರಷ್ಟು ಹೆಚ್ಚಾಗಿವೆ.

ಈಗ ಹುಳುಮನೆಗೆ ಹಿಂತಿರುಗೋಣ.

ಎಳೆಯ ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಬೇಕು, ತೇವ ಹೆಚ್ಚು ಬೇಕು. ಬಲಿತ ಹುಳುವಿಗೆ 24, 25 ಡಿಗ್ರಿ ಸಾಕು, ತೇವ 70ರ ಆಸುಪಾಸು. ಈ ಚೌಕಟ್ಟು ಎಷ್ಟು ಕಿರಿದೆಂದು ಸಾಕಿದವರಿಗೆ ಗೊತ್ತು. ಬಿಸಿ ಏರಿ ತೇವವೂ ಏರಿದರೆ ಸಪ್ಪೆ ರೋಗ, ಹಾಲುತೊಂಡೆ. ತಂಪಾಗಿ ಜಡಿ ಹಿಡಿದರೆ ಸುಣ್ಣಕಟ್ಟು. ಒದ್ದೆ ಸೊಪ್ಪು ಹಾಕಿದರೆ ಹೊಟ್ಟೆ ಕೆಡುತ್ತದೆ. ಮಳೆ ಕೈಕೊಟ್ಟು ಹಿಪ್ಪುನೇರಳೆ ಬಾಡಿದರೆ ಎಲೆ ಗಡುಸಾಗಿ ಹುಳು ಮೇಯದೆ ಉಳಿಯುತ್ತದೆ, ಗೂಡು ಜೊಳ್ಳಾಗುತ್ತದೆ. ಹಣ್ಣಾಗಿ ಚಂದ್ರಿಕೆ ಹತ್ತಿದ ಮೇಲೂ ಮುಗಿಯುವುದಿಲ್ಲ. ಎಳೆ ಸುತ್ತುವ ಆ ಎರಡು ಮೂರು ದಿನ ಗಾಳಿ ತೇವವಾಗಿದ್ದರೆ ಎಳೆಗೆ ಎಳೆ ಅಂಟಿ, ಬಿಚ್ಚುವಾಗ ತುಂಡಾಗುತ್ತದೆ. ನೂಲು ಬಿಚ್ಚುವ ರೀಲರು ಗೂಡು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲುಗಿಸಿ ದರ ಇಳಿಸುತ್ತಾರೆ. ಬರ ಬಂದರೆ ಒಂದು ನಷ್ಟ, ಜಡಿ ಹಿಡಿದರೆ ಇನ್ನೊಂದು ನಷ್ಟ. ಎರಡೂ ಒಂದೇ ವರ್ಷದಲ್ಲಿ ಬರುವ ಕಾಲಕ್ಕೆ ಇಪ್ಪತ್ತೈದು ದಿನದ ಈ ಬೆಳೆ ಒಗ್ಗಿಕೊಂಡಿಲ್ಲ.

ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಹಿಂದೆ ಇಲ್ಲಿ ಸಾಕುತ್ತಿದ್ದ ಮೈಸೂರು ತಳಿ ಎಳೆ ಕಡಿಮೆ ಕೊಡುತ್ತಿತ್ತು, ಆದರೆ ಬಿಸಿಲನ್ನು ತಡೆಯುತ್ತಿತ್ತು. ಬಿಳಿಗೂಡಿನ ದ್ವಿತಳಿ ಹುಳು ಎಳೆ ಚೆನ್ನಾಗಿ ಕೊಡುತ್ತದೆ, ದರವೂ ಚೆನ್ನ, ಆದರೆ ಬಿಸಿಗೆ ಬಹಳ ನಾಜೂಕು. ದ್ವಿತಳಿಗೆ ಬನ್ನಿ ಎಂದು ರೈತರನ್ನು ಕರೆದದ್ದು ತಪ್ಪಲ್ಲ. ಹಾಗೆ ಬಂದವರ ಹುಳುಮನೆಯ ಮೇಲೆ ಇನ್ನೂ ಬರಿಯ ಶೀಟಿನ ಚಾವಣಿ ಇರುವುದು, ಮಧ್ಯಾಹ್ನ ಒದ್ದೆ ಗೋಣಿತಾಟು ಕಟ್ಟುವುದೇ ಅವರ ಏಕೈಕ ಉಪಾಯವಾಗಿರುವುದು ನನಗೆ ನೋವಿನ ಸಂಗತಿ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಒದ್ದೆ ಗೋಣಿ ತಂಪು ಮಾಡುವುದಿಲ್ಲ. ಆರಲಾರದ ನೀರು ತಂಪು ಕೊಡುವುದು ಹೇಗೆ? ಬಿಸಿ ಕಡಲಿನಿಂದ ಬರುವ ಸೆಕೆ ಸರಿಯಾಗಿ ಅಂಥದ್ದೇ, ತೇವ ಹೊತ್ತ ಬಿಸಿ. ರಾತ್ರಿಯೂ ಇಳಿಯದ ಬಿಸಿ. ಚಾವಣಿಯ ಮೇಲೆ ತೆಂಗಿನ ಗರಿಯ ಹೊದಿಕೆ, ಎತ್ತರದ ಗೋಡೆ, ಸೂರಿನಡಿ ಗಾಳಿಕಿಂಡಿ, ಸುತ್ತ ಮರದ ನೆರಳು, ಇವುಗಳ ವೆಚ್ಚ ಒಂದು ಬೆಳೆ ಹೋದರೆ ಆಗುವ ನಷ್ಟದ ಮುಂದೆ ದೊಡ್ಡದಲ್ಲ. ಸಹಾಯಧನದ ಅರ್ಜಿಯಲ್ಲಿ ಸಲಕರಣೆಗಳ ಹೆಸರಿನಷ್ಟೇ ಚಾವಣಿಯ ತಂಪಿಗೂ ಜಾಗ ಸಿಗಬೇಕು.

ಮಾವಿನದು ಚಿಕ್ಕ ಕತೆ, ಆದರೆ ಅದೇ ಕತೆ. ನಮ್ಮ ಬಾದಾಮಿ, ಸೇಂದೂರ ಮಾರುಕಟ್ಟೆಗೆ ಬೇಗ ಬರುತ್ತದೆ ಎಂಬುದೇ ಅದರ ಬೆಲೆ. ಹೂ ಬಿಡಲು ಚಳಿಯ ರಾತ್ರಿಗಳು ಬೇಕು. ಡಿಸೆಂಬರಿನಲ್ಲಿ ಬಂಗಾಳಕೊಲ್ಲಿಯ ಮೋಡ ಬಂದು ಕವುಚಿ ಕೂತರೆ ರಾತ್ರಿ ಬೆಚ್ಚಗಾಗುತ್ತದೆ, ಹೂವಿನ ಬದಲು ಚಿಗುರು ಬರುತ್ತದೆ. ಬಂದ ಹೂವಿಗೆ ಜಿಗಿಹುಳು, ಬೂದಿ ರೋಗ.

ರಾಗಿಯಲ್ಲಿ ಮಾತ್ರ ನಮಗೆ ಸ್ವಲ್ಪ ಕೈಚಳಕದ ಅವಕಾಶವಿದೆ. ಮಳೆ ತಡವಾದರೆ ದೀರ್ಘಾವಧಿಯ ಎಂಆರ್-6 ಬಿಟ್ಟು ಜಿಪಿಯು-28, ಎಂಎಲ್-365, ಇನ್ನೂ ತಡವಾದರೆ ನೂರು ದಿನದ ಜಿಪಿಯು-48 ಹಾಕಬಹುದು. ಇವೆಲ್ಲ ಈ ಸೀಮೆಯ ವಿಜ್ಞಾನಿಗಳೇ ಬೆಳೆಸಿ ಕೊಟ್ಟ ತಳಿಗಳು. ಕಷ್ಟ ಎಲ್ಲಿದೆಯೆಂದರೆ, ಯಾವ ತಳಿ ಎಂದು ತೀರ್ಮಾನಿಸುವ ಜುಲೈನಲ್ಲಿ ನವೆಂಬರಿನ ಕಡಲು ಹೇಗಿರುತ್ತದೆಂದು ರೈತನಿಗೆ ಯಾರೂ ಹೇಳುವುದಿಲ್ಲ. ಆರಿದ್ರಾ, ಪುಷ್ಯ, ಉತ್ತರೆ, ಚಿತ್ತೆ ಎಂದು ಮಳೆಗಳ ಹೆಸರು ಹಿಡಿದು ಬಿತ್ತುವ ಲೆಕ್ಕ ನೂರಾರು ವರ್ಷ ನೋಡಿ ನೋಡಿ ಕಟ್ಟಿದ್ದು. ಅದು ಮೂಢನಂಬಿಕೆಯಲ್ಲ, ಅದೂ ಒಂದು ದಾಖಲೆ. ಆದರೆ ಅದು ತಂಪು ಕಡಲಿನ ಕಾಲದ ದಾಖಲೆ.

ಹೈದರಾಬಾದಿನಲ್ಲಿ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಸುನಾಮಿ ಎಚ್ಚರಿಕೆ ಕೊಡುವುದು, ಮೀನು ಎಲ್ಲಿ ಸಿಗುತ್ತದೆಂದು ಮೀನುಗಾರರಿಗೆ ತಿಳಿಸುವುದು ಅದರ ಕೆಲಸ. ಉಪಗ್ರಹದ ಅಳತೆಗಳಿಂದ ನಮ್ಮ ಕಡಲುಗಳಲ್ಲಿ ಎಲ್ಲೆಲ್ಲಿ ಜ್ವರವಿದೆ ಎಂಬ ನಕ್ಷೆಯನ್ನೂ ಅದು ಹೊರಡಿಸುತ್ತದೆ. ಆ ನಕ್ಷೆ ಕರಾವಳಿಗಾಗಿ ಮಾಡಿದ್ದು. ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ಹವಾಮಾನ ಸಲಹೆಯ ಜೊತೆಗೂ ಅದು ತಲುಪಬೇಕು ಎಂಬುದು ನನ್ನ ವಾದ. ಬಂಗಾಳಕೊಲ್ಲಿಗೆ ಜ್ವರ ಬಂದಿದೆ, ಮುಂದಿನ ವಾರಗಳಲ್ಲಿ ಜೋರು ಮಳೆಯ ಸಾಧ್ಯತೆ ಹೆಚ್ಚು ಎಂಬ ಒಂದು ಸಾಲು. ಕೊಯ್ದ ರಾಗಿಯನ್ನು ಗುಡ್ಡೆ ಹಾಕಿ ಮುಚ್ಚಲು, ರೇಷ್ಮೆ ಮೊಟ್ಟೆ ತರುವುದನ್ನು ಹತ್ತು ದಿನ ಮುಂದಕ್ಕೆ ಹಾಕಲು ಒಂದು ಸಾಲು ಸಾಕು. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳಿವೆ. ಬಿದ್ದ ಮಳೆಯನ್ನು ಇಷ್ಟು ಶ್ರದ್ಧೆಯಿಂದ ಅಳೆಯುವ ನಾವು ಬರಲಿರುವ ಮಳೆಯ ಮೂಲವನ್ನೂ ನೋಡಬೇಡವೇ?

ಹೊಗೆ ಕಡಿಮೆ ಮಾಡುವ ದೊಡ್ಡ ತೀರ್ಮಾನಗಳು ರಾಮನಗರದಲ್ಲಿ ಆಗುವಂಥವಲ್ಲ. ಆದರೆ ನೀರಿನದು ಇಲ್ಲಿನದೇ ತೀರ್ಮಾನ. ಇದು ಕೆಂಪೇಗೌಡರ ಸೀಮೆ, ಕೆರೆ ಕಟ್ಟಿದವರ ಸೀಮೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ, ಅದು ತುಂಬಿದರೆ ಅದರಾಚೆಯದಕ್ಕೆ ನೀರು ಸಾಗುವ ಸರಪಳಿಯನ್ನು ಅವರು ಕಟ್ಟಿದ್ದೇ ಹೀಗೆ ಮಳೆ ಒಮ್ಮೆಲೇ ಬಂದು ಆಮೇಲೆ ತಿಂಗಳುಗಟ್ಟಲೆ ಬಾರದೆ ಹೋಗುವ ನಾಡಿಗಾಗಿ. ಬರುವ ಕಾಲಕ್ಕೆ ಇದಕ್ಕಿಂತ ಸರಿಯಾದ ಯಂತ್ರವನ್ನು ನಾನು ಕಂಡಿಲ್ಲ. ಅದರ ಕೊಂಡಿಗಳನ್ನೇ ನಾವು ಬಡಾವಣೆಗೆ, ರಸ್ತೆಗೆ, ಒತ್ತುವರಿಗೆ ಕೊಟ್ಟಿದ್ದೇವೆ. ಬೆಂಗಳೂರು ಇತ್ತ ಬೆಳೆಯುತ್ತಿದೆ, ಜಿಲ್ಲೆಯ ಹೆಸರೇ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಅದರ ಜೊತೆ ಬೆಂಗಳೂರಿನ ರಾಜಕಾಲುವೆಗಳ ಗತಿಯೂ ಬಂದರೆ 2022ರ ಆಗಸ್ಟ್ ಮರುಕಳಿಸಲು ಅಂಥ ದೊಡ್ಡ ಮಳೆಯೇ ಬೇಕಾಗಿಲ್ಲ. ಹೊಸ ಬಡಾವಣೆಯ ನಕ್ಷೆಗೆ ಸಹಿ ಹಾಕುವ ಮುನ್ನ ಹಳೆಯ ಗ್ರಾಮನಕ್ಷೆಯ ಕಾಲುವೆ ಗೆರೆಯನ್ನು ಅದರ ಮೇಲಿಟ್ಟು ನೋಡುವುದು ಒಂದು ಮಧ್ಯಾಹ್ನದ ಕೆಲಸ.

ಹಿಂದೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಮೋಡ ಕಟ್ಟಿದರೆ ರಾತ್ರಿಯಾದರೂ ಏರಿಯ ಮೇಲೆ ನಡೆದು, ತೂಬು ಸರಿಯಿದೆಯೇ, ಕೋಡಿಗೆ ಕಸ ಸಿಕ್ಕಿದೆಯೇ ಎಂದು ನೋಡಿ ಬರುತ್ತಿದ್ದ. ಎಷ್ಟೋ ಕೆರೆಗಳಲ್ಲಿ ಈಗ ತೂಬು ತುಕ್ಕು ಹಿಡಿದು ಕೂತಿದೆ. ಸೆಪ್ಟೆಂಬರಿನಲ್ಲಿ ಬಂಗಾಳಕೊಲ್ಲಿಯ ನಕ್ಷೆ ಕೆಂಪಾದ ದಿನ, ಮಳೆ ಬರುವ ಮುನ್ನ, ಕೈಯಲ್ಲಿ ಗುದ್ದಲಿ ಹಿಡಿದು ಏರಿ ಹತ್ತುವವರು ಒಬ್ಬರಾದರೂ ಪ್ರತಿ ಊರಿನಲ್ಲಿ ಇರಬೇಕು.